ಕೇಟಿ ಕೇಸಿಯ ಚರಣವನ್ನೂ ಹಾಡಿ

ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ ಏಳನೇ ಇನ್ನಿಂಗ್ಸಿನ (ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್) ನಡುವೆ ಆಟ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೂತು ಕೂತು ಕಾಲು ಜೋಮು ಹಿಡಿದವರೆಲ್ಲ ಎದ್ದು ಮೈ ಮುರಿಯುತ್ತಾರೆ. ಆಮೇಲೆ ಇಡೀ ಮೈದಾನ ಒಟ್ಟಿಗೆ ಒಂದು ಹಾಡು ಹಾಡುತ್ತದೆ. ‘ಟೇಕ್ ಮಿ ಔಟ್ ಟು ದ ಬಾಲ್ ಗೇಮ್’. ಚಿಕ್ಕ ಮಕ್ಕಳಿಗೂ ಬಾಯಿಪಾಠ. ಆದರೆ ಎಲ್ಲರಿಗೂ ಬರುವುದು ಪಲ್ಲವಿ ಮಾತ್ರ. ಆ ಹಾಡಿಗೆ ಎರಡು ಚರಣಗಳಿವೆ. ಅದರಲ್ಲಿ ಒಬ್ಬ ಹುಡುಗಿ ಇದ್ದಾಳೆ, ಹೆಸರು ಕೇಟಿ ಕೇಸಿ. ಪಲ್ಲವಿ ಇರುವುದೇ ಅವಳ ಬಾಯಿಂದ ಬಂದ ಮಾತಾಗಿ. ಮಾತನ್ನು ಇಟ್ಟುಕೊಂಡು ಅವಳನ್ನು ಬಿಟ್ಟಿದ್ದಾರೆ.

ಇದು ಸರಿಯಲ್ಲ. ಚರಣವನ್ನೂ ಹಾಡಬೇಕು. ಇಷ್ಟು ಹೇಳೋದಕ್ಕೆ ಇಷ್ಟುದ್ದ ಯಾಕೆ ಬರೀತಿದ್ದೀಯ ಅಂತ ನೀವು ಕೇಳಬಹುದು. ಇದರ ಹಿಂದೆ ನಮ್ಮ ಗೆಳೆಯರ ಗುಂಪಿನ ಬಹಳ ದಿನದ ಮಾತುಕತೆ ಇದೆ. ಅದನ್ನು ಹೇಳಲೇಬೇಕು.

ನಮ್ಮದು ನಾಲ್ಕು ಜನರ ವಾಟ್ಸಾಪ್ ಗುಂಪು. ಕಾಲೇಜಿನ ಗೆಳೆತನ. ನಾನು ಶಿಕಾಗೋದಲ್ಲಿದ್ದೇನೆ. ಇನ್ನೊಬ್ಬಳು ನ್ಯೂಜೆರ್ಸಿಯಲ್ಲಿ, ಅವಳಿಗೆ ಬ್ರಾಡ್‌ವೇ ಮ್ಯೂಸಿಕಲ್, ಅಂದರೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಹಾಡು ಕುಣಿತದ ನಾಟಕಗಳು ಅಂದರೆ ಪ್ರಾಣ. ಮತ್ತೊಬ್ಬಳು ಮೈಸೂರು ಬಿಟ್ಟು ಕದಲಿಲ್ಲ. ಆದರೆ ಹಾಲಿವುಡ್ಡಿನ ಹಳೇ ಸಿನಿಮಾಗಳ ಬಗ್ಗೆ ಅವಳಷ್ಟು ತಿಳಿದವರನ್ನು ನಾನು ಇಲ್ಲೂ ಕಂಡಿಲ್ಲ. ನಾಲ್ಕನೆಯವನು ಸಾಗರದ ಕಡೆಯವನು, ಈಗ ಬಾಸ್ಟನ್‌ನಲ್ಲಿ ನೆಲೆಸಿದ್ದಾನೆ. ಆ ಊರಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್‌ಗೆ ಪೂರ್ತಿ ಒಪ್ಪಿಸಿಕೊಂಡವನು. ಶಿಕಾಗೋದಲ್ಲಿ ಸಂಜೆ ಏಳಕ್ಕೆ ಆಟ ಶುರುವಾದಾಗ ಮೈಸೂರಿನಲ್ಲಿ ಬೆಳಗ್ಗೆ ಐದೂವರೆ. ಅವಳು ಕಾಫಿ ಲೋಟ ಹಿಡಿದುಕೊಂಡೇ ಗುಂಪಿಗೆ ಬರುತ್ತಾಳೆ. ಒಬ್ಬರು ಸಿನಿಮಾ ಅಂತಾರೆ, ಒಬ್ಬರು ನಾಟಕ ಅಂತಾರೆ, ಒಬ್ಬನು ಸ್ಕೋರ್ ಎಷ್ಟು ಅಂತಾನೆ. ಹೀಗೆ ಮೂರು ದಿಕ್ಕಿಗೆ ಎಳೆದಾಡುತ್ತಲೇ ಒಂದು ವಿಷಯ ನನಗೆ ಖಚಿತವಾಯಿತು. ಅಮೆರಿಕದಲ್ಲಿ ಈ ಮೂರೂ ಒಂದೇ ಮನೆಯಲ್ಲಿ ಬೆಳೆದವು. ಮತ್ತು ಅವನ್ನು ಕೂಡಿಸಿದ ಕಡೆಯಲ್ಲೆಲ್ಲ ಒಬ್ಬಳು ಹೆಣ್ಣುಮಗಳು ನಿಂತಿದ್ದಾಳೆ.

ಮೊದಲು ಹಾಡಿನ ಕಥೆ. ಅದು 1908ರದ್ದು. ಸಾಹಿತ್ಯ ಬರೆದವನು ಜ್ಯಾಕ್ ನಾರ್ವರ್ತ್, ರಾಗ ಹಾಕಿದವನು ಆಲ್ಬರ್ಟ್ ವಾನ್ ಟಿಲ್ಜರ್. ನಾರ್ವರ್ತ್ ವಾಡೆವಿಲ್ ನಟ. ಅಂದರೆ ಹಾಡು, ಕುಣಿತ, ಹಾಸ್ಯ, ಜಾದೂ ಎಲ್ಲ ಒಂದೇ ಟಿಕೆಟ್ಟಿಗೆ ಸಿಗುತ್ತಿದ್ದ ಆ ಕಾಲದ ರಂಗದವನು. ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಹೋಗುವಾಗ ಪೋಲೋ ಗ್ರೌಂಡ್ಸ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಇವತ್ತು ಆಟ ಇದೆ ಅನ್ನುವ ಬೋರ್ಡ್ ನೋಡಿ ಬರೆದನಂತೆ. ಬರೆಯುವಾಗ ಅವನು ಒಂದು ಬೇಸ್‌ಬಾಲ್ ಪಂದ್ಯವನ್ನೂ ನೋಡಿರಲಿಲ್ಲ. ದೊಡ್ಡ ಲೀಗಿನ ಆಟ ನೋಡಿದ್ದು 1940ರಲ್ಲಿ ಅಂತ ಎಲ್ಲ ಕಡೆ ಬರೆದಿದ್ದಾರೆ.

ಮೊದಲ ಚರಣ ಏನು ಹೇಳುತ್ತದೆ ಗೊತ್ತಾ? ಕೇಟಿಗೆ ಬೇಸ್‌ಬಾಲ್ ಹುಚ್ಚು. ಕೈಯಲ್ಲಿ ಇದ್ದಬದ್ದ ಕಾಸೆಲ್ಲ ಅದಕ್ಕೇ. ಒಂದು ಶನಿವಾರ ಅವಳ ಹುಡುಗ ಬಂದು ನಾಟಕ ನೋಡೋಕೆ ಹೋಗೋಣ್ವಾ ಅಂತ ಕೇಳುತ್ತಾನೆ. ಅವಳು ಬೇಡ ಅನ್ನುತ್ತಾಳೆ. ನೀನು ಏನು ಮಾಡಬಹುದು ನಾನೇ ಹೇಳ್ತೀನಿ ಅಂತಾಳೆ. ಅಲ್ಲಿಂದ ಪಲ್ಲವಿ ಶುರು. ನನ್ನನ್ನು ಆಟಕ್ಕೆ ಕರಕೊಂಡು ಹೋಗು ಅನ್ನುವುದು ಹಕ್ಕಿನಿಂದ ಕೇಳಿದ ಮಾತು. 1908ರಲ್ಲಿ ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಹೆಂಗಸರಿಗೆ ಓಟು ಹಾಕುವ ಹಕ್ಕೇ ಇರಲಿಲ್ಲ. ಅಂಥ ಕಾಲದಲ್ಲಿ ಈ ಹುಡುಗಿ ತನ್ನ ಶನಿವಾರ ಹೇಗೆ ಕಳೆಯಬೇಕು ಅಂತ ತಾನೇ ತೀರ್ಮಾನ ಮಾಡುತ್ತಾಳೆ. ಈ ಕೇಟಿಗೆ ಮಾದರಿ ಟ್ರಿಕ್ಸಿ ಫ್ರಿಗಾನ್ಜಾ ಎಂಬ ರಂಗನಟಿ ಇರಬಹುದು ಅನ್ನುವ ಸಂಶೋಧಕರಿದ್ದಾರೆ. ಅವಳು ಹೆಂಗಸರ ಮತದ ಹಕ್ಕಿಗಾಗಿ ಬೀದಿಗಿಳಿದು ಮಾತಾಡಿದವಳು.

ಎರಡನೇ ಚರಣ ನನಗೆ ಇನ್ನೂ ಇಷ್ಟ. ಅಲ್ಲಿ ಕೇಟಿ ಮೈದಾನದಲ್ಲೇ ಇದ್ದಾಳೆ. ಆಟಗಾರರನ್ನೆಲ್ಲ ಹೆಸರು ಹಿಡಿದು ಕರೆಯುವಷ್ಟು ಬಲ್ಲಳು. ಅಂಪೈರ್ ತಪ್ಪು ಮಾಡಿದರೆ ಮುಖಕ್ಕೇ ಹೇಳುತ್ತಾಳೆ. ಸ್ಕೋರ್ ಎರಡು ಎರಡು ಸಮ ಆಗುತ್ತದೆ. ತನ್ನ ಹುಡುಗರಿಗೆ ಹುರುಪು ಬರಲಿ ಅಂತ ಕೇಟಿ ಸುತ್ತ ಇದ್ದವರೆಲ್ಲರ ಕೈಲಿ ಈ ಹಾಡು ಹಾಡಿಸುತ್ತಾಳೆ. ಮತ್ತೊಮ್ಮೆ ಓದಿ. ಜನ ಮೈದಾನದಲ್ಲಿ ಎದ್ದು ಒಟ್ಟಿಗೆ ಹಾಡುವುದು ಇವತ್ತು ಯಾವ ಸಂಪ್ರದಾಯವಾಗಿದೆಯೋ, ಅದನ್ನು ಹಾಡಿನೊಳಗೆ ಮೊದಲು ಮಾಡಿದವಳೇ ಕೇಟಿ! ಮೈದಾನ ಅವಳು ಹೇಳಿದ ಹಾಗೇ ಮಾಡುತ್ತಿದೆ. ಅವಳ ಹೆಸರು ಮಾತ್ರ ಎತ್ತುವುದಿಲ್ಲ.

ಇದನ್ನು ನಾನು ಗುಂಪಿಗೆ ಬರೆದಾಗ ಬಾಸ್ಟನ್‌ನವನು ತಕ್ಷಣ ಒಪ್ಪಲಿಲ್ಲ. ಅವನ ಪ್ರಕಾರ ಆಟವೇ ಬೇರೆ, ನಾಟಕವೇ ಬೇರೆ. “ನಾಟಕದವನ ಕೈಗೆ ಟೀಮ್ ಕೊಟ್ಟು ನಾವು ಪಟ್ಟ ಪಾಡು ಸಾಕು ಮಾರಾಯ್ತಿ” ಅಂದ. ಅವನು ಹೇಳುತ್ತಿರುವುದು ಹ್ಯಾರಿ ಫ್ರೇಜೀ ಬಗ್ಗೆ. ನ್ಯೂಯಾರ್ಕಿನ ನಾಟಕ ನಿರ್ಮಾಪಕ, 1916ರಲ್ಲಿ ರೆಡ್ ಸಾಕ್ಸ್ ಕೊಂಡವನು. 1919ರ ಡಿಸೆಂಬರ್ ಕೊನೆಯಲ್ಲಿ ತಂಡದ ದೊಡ್ಡ ತಾರೆ ಬೇಬ್ ರೂತ್‌ನನ್ನು ಒಂದು ಲಕ್ಷ ಡಾಲರಿಗೆ ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಮಾರಿದ. 1918ರಲ್ಲಿ ಗೆದ್ದಿದ್ದ ರೆಡ್ ಸಾಕ್ಸ್ ಮತ್ತೆ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಪಟ್ಟ, ಗೆದ್ದಿದ್ದು 2004ರಲ್ಲಿ. ‘ನೋ ನೋ ನ್ಯಾನೆಟ್’ ಎಂಬ ಮ್ಯೂಸಿಕಲ್‌ಗೆ ಹಣ ಹೊಂದಿಸಲು ರೂತ್‌ನನ್ನು ಮಾರಿದ ಅನ್ನುವುದು ಬಾಸ್ಟನ್‌ನಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ.

ನ್ಯೂಜೆರ್ಸಿಯವಳು ಬಿಡುತ್ತಾಳಾ? “ನ್ಯಾನೆಟ್ ಬ್ರಾಡ್‌ವೇಗೆ ಬಂದಿದ್ದು 1925ರಲ್ಲಿ ಕಣೋ. ಫ್ರೇಜೀ 1923ರಲ್ಲೇ ಟೀಮ್ ಮಾರಿ ಆಗಿತ್ತು” ಅಂತ ಬರೆದಳು. ಅವನು ಅಷ್ಟಕ್ಕೇ ಸೋಲಲಿಲ್ಲ. ನ್ಯಾನೆಟ್‌ಗೆ ಮೂಲವಾದ ‘ಮೈ ಲೇಡಿ ಫ್ರೆಂಡ್ಸ್’ ನಾಟಕ 1919ರ ಡಿಸೆಂಬರಿನಲ್ಲೇ ಶುರುವಾಗಿತ್ತಲ್ಲ, ಅದೂ ಫ್ರೇಜೀಯದೇ ಅಂದ. ಅದೂ ನಿಜವೇ. ಈ ಜಗಳ ನಮ್ಮ ಗುಂಪಿನಲ್ಲಿ ಮುಗಿಯುವಂಥದ್ದಲ್ಲ. ನನ್ನ ಮಟ್ಟಿಗೆ ತಾರೀಖುಗಳೇ ಸಾಕು. ಆರು ವರ್ಷ ಆದಮೇಲೆ ಬಂದ ಮ್ಯೂಸಿಕಲ್ ತಲೆಗೆ ತಪ್ಪು ಕಟ್ಟೋದು ನ್ಯಾಯವಲ್ಲ. ಆದರೆ ಆ ಕಥೆ ಇಷ್ಟು ವರ್ಷ ಯಾಕೆ ನಿಂತಿತು ಅನ್ನುವುದು ಮುಖ್ಯ. ಆಟ ಗಂಡಸರ ಗಟ್ಟಿ ವಿಷಯ, ಹಾಡು ಕುಣಿತ ಹಗುರ ವಿಷಯ, ಹಗುರದ್ದು ಗಟ್ಟಿಯಾದದ್ದನ್ನು ತಿಂದುಹಾಕಿತು ಅನ್ನುವ ಭಾವನೆಗೆ ಆ ಕಥೆ ಚೆನ್ನಾಗಿ ಹೊಂದುತ್ತದೆ. ಅದಕ್ಕೇ ನಿಂತಿದೆ.

ಅದೇ ಭಾವನೆ ರಂಗದ ಕಡೆಯಿಂದಲೂ ಇತ್ತು. ಬೇಸ್‌ಬಾಲ್ ಮೇಲೆ ಮಾಡಿದ ನಾಟಕ ಓಡುವುದಿಲ್ಲ ಅಂತ ಬ್ರಾಡ್‌ವೇಯವರು ನಂಬಿದ್ದರು. 1955ರ ಮೇ ತಿಂಗಳಲ್ಲಿ ಬಂದ ‘ಡ್ಯಾಮ್ ಯಾಂಕೀಸ್’ ಅದನ್ನು ಸುಳ್ಳು ಮಾಡಿತು. 1,019 ಪ್ರದರ್ಶನ ಕಂಡಿತು. ಹಾಡುಗಳು ರಿಚರ್ಡ್ ಆಡ್ಲರ್ ಮತ್ತು ಜೆರಿ ರಾಸ್ ಅವರದ್ದು, ನೃತ್ಯ ಬಾಬ್ ಫಾಸಿಯದ್ದು. ವಾಷಿಂಗ್ಟನ್ ಸೆನೇಟರ್ಸ್ ಎಂಬ ಸದಾ ಸೋಲುವ ತಂಡವನ್ನು ನೆಚ್ಚಿಕೊಂಡ ನಡುವಯಸ್ಸಿನ ಗಂಡಸೊಬ್ಬ ಸೈತಾನನಿಗೆ ಆತ್ಮ ಮಾರಿ, ಹರೆಯದ ಆಟಗಾರನಾಗಿ ತನ್ನ ತಂಡವನ್ನು ಗೆಲ್ಲಿಸಲು ಹೊರಡುವ ಕಥೆ. 1949ರಿಂದ 1953ರವರೆಗೆ ಸತತ ಐದು ವರ್ಷ ಯಾಂಕೀಸ್ ಗೆದ್ದಿತ್ತು. ಉಳಿದ ಊರುಗಳ ಜನಕ್ಕೆ ಎಷ್ಟು ರೋಸಿಹೋಗಿತ್ತು ಅನ್ನುವುದು ಹೆಸರಿನಲ್ಲೇ ಇದೆ. ಜೆರಿ ರಾಸ್ ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡ. ಅವನಿಗೆ ಬರೀ 29 ವರ್ಷ. ಅವನು ಇನ್ನಷ್ಟು ವರ್ಷ ಇದ್ದಿದ್ದರೆ ಏನೆಲ್ಲ ಬರೆಯುತ್ತಿದ್ದನೋ ಅಂತ ನಮ್ಮ ನ್ಯೂಜೆರ್ಸಿಯವಳು ಈಗಲೂ ಕೊರಗುತ್ತಾಳೆ.

ಇದು ಬೇಸ್‌ಬಾಲ್ ಬಗ್ಗೆ ಬಂದ ಅತ್ಯುತ್ತಮ ನಾಟಕ ಅಂತ ನಾನು ಖಂಡಿತ ಹೇಳುತ್ತೇನೆ. ಕಾರಣ, ಇದರ ಹೀರೋ ಮೂಲತಃ ಆಟಗಾರನಲ್ಲ, ನೋಡುಗ. ಆಟ ನೋಡುವವರ ಎದೆಯೊಳಗೆ ಏನಾಗುತ್ತದೆ ಅನ್ನುವುದೇ ಕಥೆ. ಅದರಲ್ಲಿ ಮೂವರು ಹೆಂಗಸರಿದ್ದಾರೆ. ವರ್ಷದಲ್ಲಿ ಆರು ತಿಂಗಳು ಗಂಡ ಟಿವಿ ಮುಂದೆ ಕಳೆದುಹೋಗುವುದನ್ನು ಸಹಿಸುವ ಹೆಂಡತಿ ಮೆಗ್. ಹೊಸ ಆಟಗಾರ ಎಲ್ಲಿಂದ ಬಂದ ಅಂತ ಪತ್ತೆ ಹಚ್ಚಲು ಹೊರಡುವ ಪತ್ರಕರ್ತೆ ಗ್ಲೋರಿಯಾ. ಸೈತಾನನ ಕಡೆಯಿಂದ ಬರುವ ಮೋಹಿನಿ ಲೋಲಾ. ಲೋಲಾ ಪಾತ್ರ ಮಾಡಿದ್ದು ಗ್ವೆನ್ ವರ್ಡನ್. ಮೊದಲು ನಾಟಕದ ಪೋಸ್ಟರಿನಲ್ಲಿ ಗ್ವೆನ್ ಬೇಸ್‌ಬಾಲ್ ಅಂಗಿ ತೊಟ್ಟು ನಿಂತಿದ್ದಳು. ಟಿಕೆಟ್ ನಿರೀಕ್ಷಿಸಿದಷ್ಟು ಹೋಗಲಿಲ್ಲ. ಆ ಚಿತ್ರ ತೆಗೆದು ಅವಳನ್ನು ಒಳ ಉಡುಪಿನಲ್ಲಿ ನಿಲ್ಲಿಸಿದ ಚಿತ್ರ ಹಾಕಿದರು. ಟಿಕೆಟ್ ಹೋಯಿತು. ನ್ಯೂಜೆರ್ಸಿಯವಳು ಎರಡೂ ಚಿತ್ರಗಳನ್ನು ಗುಂಪಿಗೆ ಅಕ್ಕಪಕ್ಕ ಕಳಿಸಿದ್ದಳು. ನನಗೆ ಸಿಟ್ಟು ಬಂತು. ಈಗಲೂ ಬರುತ್ತದೆ. ಮೊದಲ ಚಿತ್ರದಲ್ಲಿ ಅವಳ ಮುಖದಲ್ಲಿ ಎಂಥಾ ಖುಷಿ ಇದೆ!

ಮೈಸೂರಿನವಳ ಕೊಡುಗೆ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋದ 1949ರ ಸಿನಿಮಾ. ಅದರ ಹೆಸರೂ ‘ಟೇಕ್ ಮಿ ಔಟ್ ಟು ದ ಬಾಲ್ ಗೇಮ್’. ನಿರ್ದೇಶನ ಬಸ್ಬಿ ಬರ್ಕ್ಲಿ. ಕಥೆ ನಡೆಯುವುದು 1908ರಲ್ಲಿ. ಜೀನ್ ಕೆಲ್ಲಿ, ಫ್ರ್ಯಾಂಕ್ ಸಿನಾತ್ರಾ ಇಬ್ಬರೂ ಅದರಲ್ಲಿ ಬೇಸ್‌ಬಾಲ್ ಆಟಗಾರರು. ಆಟದ ಕಾಲ ಮುಗಿದ ಮೇಲೆ ವಾಡೆವಿಲ್ ರಂಗದಲ್ಲಿ ಹಾಡಿ ಕುಣಿಯುತ್ತಾರೆ. ಇದು ಬರೀ ಸಿನಿಮಾ ಕಲ್ಪನೆ ಅಂದುಕೊಂಡಿದ್ದರೆ ಮೈಸೂರಿನವಳು ಹೇಳುವುದನ್ನು ಕೇಳಿ. ಆ ಕಾಲದ ನಿಜವಾದ ಆಟಗಾರರೇ ಚಳಿಗಾಲದಲ್ಲಿ ರಂಗ ಹತ್ತುತ್ತಿದ್ದರು. ನ್ಯೂಯಾರ್ಕಿನ ಜಯಂಟ್ಸ್ ತಂಡದ ಮೈಕ್ ಡಾನ್ಲಿನ್ ತನ್ನ ನಟಿ ಹೆಂಡತಿ ಮೇಬಲ್ ಹೈಟ್ ಜೊತೆ ನಟಿಸಿದ. ಪಿಚರ್ (ಚೆಂಡು ಎಸೆಯುವವನು) ರೂಬ್ ಮಾರ್ಕ್ವಾರ್ಡ್, ಬ್ಲಾಸಮ್ ಸೀಲಿ ಎಂಬ ಗಾಯಕಿಯ ಜೊತೆ ರಂಗಕ್ಕೆ ಬಂದ. ಬೇಬ್ ರೂತ್ ಕೂಡ ವಾಡೆವಿಲ್ ಪ್ರವಾಸ ಮಾಡಿದವನೇ.

ಸಿನಿಮಾದಲ್ಲಿ ತಂಡಕ್ಕೆ ಹೊಸ ಮಾಲೀಕರು ಬರುತ್ತಾರೆ ಅಂತ ಸುದ್ದಿ ಬರುತ್ತದೆ. ಹೆಸರು ಕೆ. ಸಿ. ಹಿಗಿನ್ಸ್. ಯಾರೋ ಗಂಡಸು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಂದವಳು ಎಸ್ತರ್ ವಿಲಿಯಮ್ಸ್. ಅವಳಿಗೆ ಆಟ ಚೆನ್ನಾಗಿ ಗೊತ್ತು, ತಂಡವನ್ನು ಹಿಡಿತದಲ್ಲೂ ಇಡುತ್ತಾಳೆ. ಕೆ. ಸಿ. ಅಂದರೆ ಕೇಟಿ ಕೇಸಿ ಅಂತ ನಮ್ಮ ಗುಂಪಿನ ಊಹೆ. ಬರೆದವರ ಮನಸ್ಸಿನಲ್ಲಿ ಅದೇ ಇತ್ತು ಅಂತ ನಂಬಲು ನನಗೆ ಬಹಳ ಆಸೆ. ಬೆಟ್ಟಿ ಗ್ಯಾರೆಟ್ ಮಾಡಿದ ಇನ್ನೊಂದು ಪಾತ್ರ ಪಕ್ಕಾ ಬೇಸ್‌ಬಾಲ್ ಅಭಿಮಾನಿ. ಸಿನಾತ್ರಾನನ್ನು ಗ್ಯಾಲರಿಯ ಬೆಂಚುಗಳ ನಡುವೆ ಅಟ್ಟಿಸಿಕೊಂಡು ಹೋಗಿ ಹಾಡುತ್ತಾಳೆ. ಸಿನಿಮಾ ದೊಡ್ಡ ಕಲಾಕೃತಿ ಏನಲ್ಲ. ಕೊನೆಗೆ ಮಾಲೀಕಳೂ ಆಟಗಾರನ ಕೈಹಿಡಿದು ಎಲ್ಲ ಸುಖಾಂತ. ಆದರೂ ಮೈದಾನ ಮರೆತದ್ದನ್ನು ಅದು ನೆನಪಿಟ್ಟುಕೊಂಡಿತು.

ಮಾಲೀಕಳು ಅನ್ನುವುದೂ ಕಟ್ಟುಕಥೆಯಲ್ಲ. 1911ರಲ್ಲಿ ಹೆಲೀನ್ ಬ್ರಿಟನ್ ಎಂಬ ಹೆಂಗಸು ತನ್ನ ಚಿಕ್ಕಪ್ಪನಿಂದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ಪಡೆದಳು. ಮಾರಿಬಿಡುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಮಾರದೆ ವರ್ಷಗಟ್ಟಲೆ ನಡೆಸಿದಳು. ಇನ್ನೊಬ್ಬರು ಎಫಾ ಮ್ಯಾನ್ಲಿ. ಕಪ್ಪು ಆಟಗಾರರ ನೀಗ್ರೋ ಲೀಗಿನಲ್ಲಿ ನ್ಯೂವಾರ್ಕ್ ಈಗಲ್ಸ್ ತಂಡವನ್ನು ಗಂಡನ ಜೊತೆ ನಡೆಸಿದರು. 1946ರಲ್ಲಿ ಆ ತಂಡ ನೀಗ್ರೋ ವರ್ಲ್ಡ್ ಸೀರೀಸ್ ಗೆದ್ದಿತು. ಬಿಳಿಯರ ತಂಡಗಳು ಕಪ್ಪು ಆಟಗಾರರನ್ನು ಕರೆದುಕೊಳ್ಳಲು ಶುರು ಮಾಡಿದಾಗ, ನಮ್ಮ ಆಟಗಾರರನ್ನು ಬಿಟ್ಟಿ ಕೊಡುವುದಿಲ್ಲ ಅಂತ ಗಟ್ಟಿಯಾಗಿ ನಿಂತವರು ಅವರು. 1947ರಲ್ಲಿ ಲ್ಯಾರಿ ಡೋಬಿಯನ್ನು ಕ್ಲೀವ್‌ಲ್ಯಾಂಡ್ ತಂಡ ಹಣ ಕೊಟ್ಟೇ ತೆಗೆದುಕೊಳ್ಳಬೇಕಾಯಿತು. 2006ರಲ್ಲಿ ಎಫಾ ಮ್ಯಾನ್ಲಿ ಬೇಸ್‌ಬಾಲ್ ಮಹನೀಯರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಅಲ್ಲಿರುವ ಹೆಂಗಸು ಅವರೊಬ್ಬರೇ. ಇವರ ಮೇಲೆ ದೊಡ್ಡದೊಂದು ಬ್ರಾಡ್‌ವೇ ಮ್ಯೂಸಿಕಲ್ ಬರಬೇಕು ಅಂತ ನಮ್ಮ ಗುಂಪಿನ ನಾಲ್ವರದೂ ಒಮ್ಮತ. ನಾವು ನಾಲ್ವರೂ ಒಪ್ಪುವ ವಿಷಯಗಳು ಬಹಳ ಕಡಿಮೆ.

ಆಡಿದ ಹೆಂಗಸರ ಕಥೆ ಬಹಳ ಜನಕ್ಕೆ ಗೊತ್ತು, 1992ರ ‘ಎ ಲೀಗ್ ಆಫ್ ದೇರ್ ಓನ್’ ಸಿನಿಮಾದಿಂದ. 1943ರಿಂದ 1954ರವರೆಗೆ ನಡೆದ ಹೆಂಗಸರ ಲೀಗ್ ಅದು. ಸ್ಕರ್ಟ್ ಹಾಕಿಸಿ, ಲಿಪ್‌ಸ್ಟಿಕ್ ಹಚ್ಚಿಸಿ ಆಡಿಸಿದರು. ಮಂಡಿ ಕಿತ್ತುಹೋದರೂ ಬೇಸ್‌ಗೆ ಜಾರುತ್ತಿದ್ದರು. ಆ ಲೀಗ್ ಕಪ್ಪು ಹೆಂಗಸರಿಗೆ ಬಾಗಿಲು ತೆರೆಯಲಿಲ್ಲ. ಅಲ್ಲಿ ಬೇಡ ಅನ್ನಿಸಿಕೊಂಡ ಮೇಮಿ ಜಾನ್ಸನ್, ನೀಗ್ರೋ ಲೀಗಿನ ಇಂಡಿಯಾನಾಪೊಲಿಸ್ ಕ್ಲೌನ್ಸ್ ಸೇರಿ ಗಂಡಸರಿಗೇ ಪಿಚ್ ಮಾಡಿದಳು.

ನನಗೆ ಎಲ್ಲಕ್ಕಿಂತ ಹತ್ತಿರವಾದವರು ಆರ್ಗನ್ ನುಡಿಸಿದ ಹೆಂಗಸರು. ಬೇಸ್‌ಬಾಲ್ ಮೈದಾನದಲ್ಲಿ ಒಂದು ಪಂದ್ಯ ಕೂತು ನೋಡಿದವರಿಗೆ ಆ ಸದ್ದು ಗೊತ್ತು. ಎರಡು ಎಸೆತಗಳ ನಡುವೆ ತುಣುಕು ತುಣುಕಾಗಿ ಬರುವ ಆರ್ಗನ್ ನಾದ. ಮೈದಾನಕ್ಕೆ ಆರ್ಗನ್ ಮೊದಲು ಬಂದಿದ್ದು 1941ರಲ್ಲಿ, ನಮ್ಮ ಶಿಕಾಗೋದ ರಿಗ್ಲಿ ಫೀಲ್ಡ್‌ನಲ್ಲಿ. ಮರುವರ್ಷ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಡಾಜರ್ಸ್ ತಂಡದ ಮೈದಾನವಾದ ಎಬೆಟ್ಸ್ ಫೀಲ್ಡ್‌ಗೆ ಗ್ಲ್ಯಾಡಿಸ್ ಗುಡಿಂಗ್ ಬಂದಳು. ಅವಳು ಮೊದಲು ಏನು ಮಾಡುತ್ತಿದ್ದಳು ಗೊತ್ತಾ? ಮೂಕಿ ಸಿನಿಮಾಗಳಿಗೆ ಥಿಯೇಟರಿನಲ್ಲಿ ಆರ್ಗನ್ ನುಡಿಸುತ್ತಿದ್ದಳು! ತೆರೆಯ ಮೇಲೆ ಓಡುವವನನ್ನು ನೋಡುತ್ತಾ ನುಡಿಸಿ ಪಳಗಿದ ಕೈ ಅದು. ಅದೇ ಕೈ ಮೈದಾನದಲ್ಲಿ ಓಡುವವನನ್ನು ನೋಡಿ ನುಡಿಸಿತು. ಅಂಪೈರುಗಳು ಒಳಗೆ ಬರುವಾಗ ಮೂರು ಕುರುಡು ಇಲಿಗಳ ಶಿಶುಗೀತೆ ನುಡಿಸಿ ಇಡೀ ಬ್ರೂಕ್ಲಿನ್ನನ್ನು ನಗಿಸಿದವಳು. ಬೇಸ್‌ಬಾಲಿನ ಡಾಜರ್ಸ್, ಬ್ಯಾಸ್ಕೆಟ್‌ಬಾಲಿನ ನಿಕ್ಸ್, ಐಸ್ ಹಾಕಿಯ ರೇಂಜರ್ಸ್, ಹೀಗೆ ಮೂರು ಬೇರೆ ಬೇರೆ ಆಟದ ತಂಡಗಳಿಗೆ ‘ಪ್ಲೇ’ ಮಾಡಿದ ಒಬ್ಬರೇ ಯಾರು ಅಂತ ಅಮೆರಿಕದ ಕ್ವಿಜ್‌ಗಳಲ್ಲಿ ಕೇಳುತ್ತಾರೆ. ಉತ್ತರ ಗ್ಲ್ಯಾಡಿಸ್. ಇದನ್ನು ಮೊದಲು ಗುಂಪಿಗೆ ತಂದವಳು ಮೈಸೂರಿನವಳು. ಬಾಸ್ಟನ್‌ನವನಿಗೆ ಉತ್ತರ ಹೊಳೆಯಲಿಲ್ಲ.

ಅದೇ ಮೈದಾನದಲ್ಲಿ ಹಿಲ್ಡಾ ಚೆಸ್ಟರ್ ಎಂಬ ಅಭಿಮಾನಿ ಇದ್ದಳು. ಹೃದಯದ ತೊಂದರೆಯಿಂದ ಡಾಕ್ಟರು ಕೂಗಬೇಡ ಅಂದರು. ಅವಳು ಬಾಣಲೆ ಸೌಟು ತಂದು ಬಡಿಯತೊಡಗಿದಳು. ಆಮೇಲೆ ಡಾಜರ್ಸ್ ಆಟಗಾರರೇ ಅವಳಿಗೆ ಒಂದು ಹಸುವಿನ ಗಂಟೆ ಕೊಟ್ಟರು. ಆ ಗಂಟೆಯ ಸದ್ದು ಕೇಳಿದರೆ ಹಿಲ್ಡಾ ಬಂದಿದ್ದಾಳೆ ಅಂತ ಊರಿಗೇ ಗೊತ್ತಾಗುತ್ತಿತ್ತು. ಇವಳಿಗಿಂತ ಕೇಟಿ ಕೇಸಿ ಇನ್ನು ಯಾರು ಬೇಕು? 1957ರ ನಂತರ ಡಾಜರ್ಸ್ ಲಾಸ್ ಏಂಜಲಿಸ್‌ಗೆ ಹೊರಟುಹೋಯಿತು. ಎಬೆಟ್ಸ್ ಫೀಲ್ಡಿನ ಕೊನೆಯ ಪಂದ್ಯದಲ್ಲಿ ಗ್ಲ್ಯಾಡಿಸ್ ಒಂದರ ಹಿಂದೆ ಒಂದು ಬೀಳ್ಕೊಡುಗೆಯ ಹಾಡುಗಳನ್ನು ನುಡಿಸಿದಳು.

ಈಗ ಏಳನೇ ಇನ್ನಿಂಗ್ಸಿಗೆ ಬರೋಣ. ಈ ಹಾಡನ್ನು ಇಡೀ ಮೈದಾನ ಹಾಡುವ ರೂಢಿಗೆ ಎಲ್ಲರೂ ಹೇಳುವ ಹೆಸರು ಹ್ಯಾರಿ ಕ್ಯಾರಿ. ರೇಡಿಯೋ, ಟಿವಿ ವೀಕ್ಷಕ ವಿವರಣೆಗಾರ. ಶಿಕಾಗೋ ವೈಟ್ ಸಾಕ್ಸ್ ಪಂದ್ಯಗಳಲ್ಲಿ ಅವನು ತನ್ನ ಕೋಣೆಯೊಳಗೆ ಸುಮ್ನೆ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದ. 1976ರಲ್ಲಿ ತಂಡದ ಮಾಲೀಕ ಬಿಲ್ ವೆಕ್ ಅವನಿಗೆ ತಿಳಿಯದಂತೆ ಮೈಕ್ ಹಾಕಿಸಿದ. ಎಫಾ ಮ್ಯಾನ್ಲಿಗೆ ಹಣ ಕೊಟ್ಟು ಡೋಬಿಯನ್ನು ಕರೆದುಕೊಂಡ ಕ್ಲೀವ್‌ಲ್ಯಾಂಡ್ ತಂಡ ಅಂದೆನಲ್ಲ, ಆಗ ಅದರ ಮಾಲೀಕ ಇದೇ ವೆಕ್. ಹಾಡು ಮೈದಾನ ತುಂಬಿತು. 1982ರಲ್ಲಿ ಕ್ಯಾರಿ ಶಿಕಾಗೋದ ಇನ್ನೊಂದು ತಂಡವಾದ ಕಬ್ಸ್ ಕಡೆಗೆ ಬಂದ ಮೇಲೆ ರಿಗ್ಲಿ ಫೀಲ್ಡಿನಿಂದ ಟಿವಿ ಮೂಲಕ ದೇಶಕ್ಕೆಲ್ಲ ಹರಡಿತು. 1998ರಲ್ಲಿ ಅವನು ತೀರಿಕೊಂಡ. ಅಂದಿನಿಂದ ಅಲ್ಲಿ ಪ್ರತಿ ಪಂದ್ಯಕ್ಕೂ ಒಬ್ಬ ಅತಿಥಿ ಬಂದು ಹಾಡಿಸುತ್ತಾರೆ.

ಕ್ಯಾರಿಯ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಆದರೆ ಅವತ್ತು ಅವನಿಗೆ ಆರ್ಗನ್ ನುಡಿಸಿದವಳು ಯಾರು? ನ್ಯಾನ್ಸಿ ಫೌಸ್ಟ್. 1970ರಿಂದ 2010ರವರೆಗೆ ವೈಟ್ ಸಾಕ್ಸ್ ಮೈದಾನದ ಆರ್ಗನ್ ಅವಳ ಕೈಯಲ್ಲಿತ್ತು. ಅವಳು ಪಲ್ಲವಿ ಎತ್ತಿಕೊಟ್ಟಿದ್ದಕ್ಕೇ ಅವನು ಹಾಡಿದ್ದು. ಶಿಕಾಗೋದಲ್ಲಿ ಕ್ಯಾರಿಗೆ ಪ್ರತಿಮೆ ಇದೆ, ಅದು ಸರಿಯೇ. ನ್ಯಾನ್ಸಿಯ ಹೆಸರನ್ನೂ ಅದೇ ಉಸಿರಿನಲ್ಲಿ ಹೇಳಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಗುಂಪಿನಲ್ಲಿ ನನ್ನ ಬೇಡಿಕೆಗೆ ಬಂದ ಮುಖ್ಯ ತಕರಾರು ಮೈಸೂರಿನವಳದ್ದು. ಅವಳಿಗೆ ಸಂಗೀತ ಬರುತ್ತದೆ, ಹಾಗಾಗಿ ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಪಲ್ಲವಿಯ ವಾಲ್ಟ್ಸ್ ನಡೆ, ಅಂದರೆ ಮೂರು ಎಣಿಕೆಯ ತಾಳ, ಸಲೀಸು, ನಲವತ್ತು ಸಾವಿರ ಜನ ಹಾಡಬಹುದು. ಚರಣದಲ್ಲಿ ಪದಗಳು ಜಾಸ್ತಿ, ಜನ ಎಡವುತ್ತಾರೆ ಕಣೇ ಅಂದಳು. ನ್ಯೂಜೆರ್ಸಿಯವಳ ಉತ್ತರ ನನಗೆ ಒಪ್ಪಿತವಾಯಿತು. ಚರಣವನ್ನು ಜನ ಹಾಡಬೇಕಾಗಿಲ್ಲ. ಒಬ್ಬರು ಹಾಡಲಿ, ಪಲ್ಲವಿಗೆ ಎಲ್ಲರೂ ಸೇರಲಿ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಿಂದೆ ಹಾಡುವ ಹಾಗೆ. ಆ ಹಾಡನ್ನು ವಾಡೆವಿಲ್ ರಂಗಕ್ಕೆ ಅಂತ ಬರೆದಿದ್ದೇ ಹಾಗೆ. ನಟಿ ಕಥೆ ಹೇಳುತ್ತಾಳೆ, ಸಭೆ ಪಲ್ಲವಿ ಹಿಡಿಯುತ್ತದೆ. ಎಡ್ವರ್ಡ್ ಮೀಕರ್ 1908ರಲ್ಲಿ ಹಾಡಿದ ರೆಕಾರ್ಡ್ ಇದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದೆ. ಅದರಲ್ಲಿ ಕೇಟಿ ಇದ್ದಾಳೆ. ಕೇಳಿ ನೋಡಿ.

ಏಳನೇ ಇನ್ನಿಂಗ್ಸಿಗೆ ಅಷ್ಟು ಸಮಯ ಇಲ್ಲ ಅನ್ನುವುದು ಇನ್ನೊಂದು ತಕರಾರು. ಎರಡನೇ ಚರಣ ಒಂದನ್ನೇ ಹಾಡಿದರೂ ಅರ್ಧ ನಿಮಿಷದ ಮಾತು. ಮೈದಾನದ ಜನ ಹೊಸದನ್ನು ಕಲಿಯುವುದಿಲ್ಲ ಅನ್ನುವವರಿಗೆ ಬಾಸ್ಟನ್‌ನವನೇ ಉತ್ತರ ಕೊಟ್ಟ. ಅವರ ಫೆನ್‌ವೇ ಪಾರ್ಕಿನಲ್ಲಿ ಎಂಟನೇ ಇನ್ನಿಂಗ್ಸಿಗೆ ಪ್ರತಿ ಪಂದ್ಯದಲ್ಲೂ ‘ಸ್ವೀಟ್ ಕ್ಯಾರೊಲೈನ್’ ಹಾಕುವ ರೂಢಿ ಬಂದಿದ್ದು 2002ರಲ್ಲಿ. ಈಗ ಅದಿಲ್ಲದೆ ಜನಕ್ಕೆ ಆಟ ಮುಗಿದ ಹಾಗೇ ಅನ್ನಿಸುವುದಿಲ್ಲವಂತೆ. ನಾಟಕದವರ ಮೇಲೆ ಅವನ ಸಿಟ್ಟು ಹಾಗೇ ಇದೆ. ಆದರೆ ಕೇಟಿಯ ವಿಷಯದಲ್ಲಿ ಈಗ ನನ್ನ ಕಡೆ ಇದ್ದಾನೆ.

ಹೊಸದಾಗಿ ಹಾಡು ಬರೆಸುವ ಖರ್ಚಿಲ್ಲ. 1908ರ ಹಾಡು, ಕಾಪಿರೈಟ್ ಯಾವತ್ತೋ ಮುಗಿದಿದೆ. ಯಾರ ಅಪ್ಪಣೆಯೂ ಬೇಡ. ಪ್ರತಿ ಮೈದಾನದಲ್ಲೂ ದೊಡ್ಡ ಪರದೆ ಇದೆ, ಆ ಸಾಲುಗಳನ್ನು ಅಲ್ಲಿ ಹಾಕಬೇಕು. ರಿಗ್ಲಿಯಲ್ಲಿ ಮುಂದೆ ಹಾಡಿಸಲು ಬರುವ ಅತಿಥಿಯ ಕೈಗೆ ಪಲ್ಲವಿಯ ಜೊತೆ ಎರಡನೇ ಚರಣದ ಚೀಟಿಯನ್ನೂ ಕೊಡಬೇಕು.